ಒಂದು ಫರಸಿಗೆ ಒಂದೇ ಅಕ್ಷರ

ವಾಡಿ ಸ್ಟೇಷನ್ನಿನ ಹತ್ತಿರದ ನಮ್ಮ ಮನೆಗೆ ನಗೆಪಾಟಲು ಅಂದರೆ ಪ್ಯಾಸೆಂಜರ್ ಗಾಡಿ ಇದ್ದ ಹಾಗೆ. ತಡ ಆಗಬಹುದು, ಬರದೇ ಇರುವುದಿಲ್ಲ. ಈ ಸಲ ಅದು ತಂಗಿಯ ಅಕ್ಷರ ಹತ್ತಿಕೊಂಡು ಬಂತು.

ಅಪ್ಪನನ್ನು ಹಳಿ ಕೆಲಸಕ್ಕೆ ದೂರದ ಮಹಾರಾಷ್ಟ್ರದ ಮನಮಾಡ್ ಕಡೆ ಕಳಿಸಿದ್ದರು. ಹೊರಟ ದಿನ ಸಾಲಿಯಲ್ಲಿ ಒಂದನೇತ್ತೆ ಓದುತ್ತಿದ್ದ ತಂಗಿ ಅವನ ಕಾಲು ಹಿಡಿದವಳು ಬಿಡಲೇ ಇಲ್ಲ. "ನಿನ್ನ ಕೈಲೇ ಬರ್ದ ಕಾಗದ ಬರ್ಲಿ, ಆವತ್ತೇ ಕೆಲಸಕ್ಕ ಸೂಟಿ ಹಾಕಿ ಬರ್ತೀನವ್ವ" ಅಂದ ಅಪ್ಪ. ಬಿಡಿಸಿಕೊಳ್ಳಲು ಆಡಿದ ಮಾತು. ಅವಳು ಅದನ್ನು ಸರಕಾರಿ ಹುಕುಂ ಅಂತ ತಿಳಿದಳು. ಕಲಿಸಲು ಮನೆಯಲ್ಲಿದ್ದವನು ಏಳನೇತ್ತೆ ಎರಡು ಸಲ ನಪಾಸಾಗಿ ಸಾಲಿ ಬಿಟ್ಟ ನಾನೊಬ್ಬನೇ.

೧. ಕಾಲಿಡಲು ಜಾಗ

ಮೊದಲ ದಿನವೇ ಮಾಸ್ತರರಾದ ನಾನು ಅವಳು ಬರೆಯುವ ಪಾಟಿಯ ಮೇಲೆ ಕುಂತು ಮುರಿದೆ. ಮನೆಯ ನೆಲಕ್ಕೆಲ್ಲ ಶಹಾಬಾದ ಕಲ್ಲಿನ ಫರಸಿ ಹಾಸಿತ್ತಲ್ಲ, ಬಾಗಿಲ ಹತ್ತಿರದ ನಾಲ್ಕು ಫರಸಿಗೆ ನಾನೇ ಬರೆದು ತೋರಿಸಿ, ಸುಣ್ಣದ ತುಂಡು ಕೊಟ್ಟು, "ಒಂದು ಫರಸಿಗೆ ಒಂದಕ್ಷರ, ಫರಸಿ ತುಂಬ ದುಂಡಗ ಬರೀಬೇಕು" ಅಂದೆ. ಸಂಜೆಗೆ ಅಡಿಗೆಮನೆವರೆಗೂ ಅಕ್ಷರ. ಅಕ್ಷರ ತುಳಿದರೆ ಸರಸ್ವತಿಗೆ ಸಿಟ್ಟು ಬರುತ್ತದೆ ಅಂತ ಅವಳಿಗೆ ಸಾಲಿಯಲ್ಲಿ ಹೇಳಿದ್ದರು. ಅವ್ವ ಗೋಡೆ ಹಿಡಿದು ಒಲೆಯ ಹತ್ತಿರ ಹೋದಳು. ಪಕ್ಕದ ಮನೆಯ ಚಾಚಿ ಕೊತ್ತಂಬರಿ ಹಿಡಿದು ಬಾಗಿಲಲ್ಲೇ ನಿಂತರು.

"ಬೇಟಿ, ನಾ ಎಲ್ಲಿ ಕಾಲಿಡ್ಲಿ?"

"ಅಣ್ಣ ಬರ್ದಿದ್ದರ ಮ್ಯಾಲ ಇಡ್ರಿ ಚಾಚಿ. ಅದ್ರಾಗ ವಿದ್ಯಾ ಇಲ್ಲ."

೨. ಎಡಗೈ

ಎರಡು ತಿಂಗಳಾದರೂ ಅಕ್ಷರ ಕುಂಟು ಕೋಳಿ ನಡೆದಂಗೇ. ಬಾಂಬೆ ಕಡೆಯಿಂದ ಬರುವ ಗಾಡಿ ಕೂಗಿದರೆ ಸಾಕು, ತಂಗಿ ಹೊಸ್ತಿಲಿಗೆ ಓಡುತ್ತಿದ್ದಳು. ಇಳಿದವರೆಲ್ಲ ಮನೆ ದಾಟಿ ಹೋಗುವ ತನಕ ನಿಂತು, ಒಳಗೆ ಬಂದು ಮತ್ತೆ ಸುಣ್ಣ ಹಿಡಿಯುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಎಡಗೈಯಲ್ಲಿ ಸೊಟ್ಟಸೊಟ್ಟಗೆ, ಅವಳೇ ಬರೆದಂತೆ ಅಪ್ಪನಿಗೆ ಒಂದು ಕಾಗದ ಬರೆದು ಟಪಾಲಿಗೆ ಹಾಕಿಬಿಟ್ಟೆ. ವಾರದಲ್ಲಿ ಅಪ್ಪನ ಉತ್ತರ ನನ್ನ ಹೆಸರಿಗೇ ಬಂತು:

"ಲೇ ಮಗನೇ, ಇದು ತಂಗಿ ಬರ್ದಿದ್ದಲ್ಲ. ‘ಅಣ್ಣ ಭಾಳ ಒಳ್ಳೇವ’ ಅಂತ ಅದ ಇದ್ರಾಗ."

೩. ಕಾರ್ಡು

ಹುಣಸೆಬೀಜವನ್ನು ಅಕ್ಷರದ ಆಕಾರಕ್ಕೆ ಜೋಡಿಸಿ, ಅದರ ಸುತ್ತ ಬೆರಳಾಡಿಸಿ, ಕಡೆಗೂ ಅವಳ ಅಕ್ಷರಕ್ಕೆ ಮೈಕೈ ಬಂತು. ‘ಅಪ್ಪ ಬಾ’ ಅಂತ ಬರಿ ಅಂದು ಒಂದು ಟಪಾಲು ಕಾರ್ಡು ಕೊಟ್ಟೆ. ಅವಳು ಫರಸಿಯ ಲೆಕ್ಕದಲ್ಲೇ ಶುರು ಮಾಡಿದಳು. ‘ಅ’ ಒಂದಕ್ಕೇ ಕಾರ್ಡು ತುಂಬಿತು.

"ಸಣ್ಣ ಬರಿಯೇ ಹುಚ್ಚಿ!"

"ಸಣ್ಣ ಬರ್ದ್ರ ಅಪ್ಪಗ ಹ್ಯಾಂಗ ಕಾಣ್ತದ? ಅಂವ ಭಾಳ ದೂರ ಅದಾನ."

ಏಳನೇತ್ತೆ ತನಕ ಓದಿದ ನಾನು ಎದ್ದು ಟಪಾಲಾಫೀಸಿಗೆ ಹೋದೆ. ‘ಪ್ಪ’ಗೊಂದು, ‘ಬಾ’ಗೊಂದು, ಇನ್ನೆರಡು ಕಾರ್ಡು ತಂದೆ. ವಿಳಾಸ ನಾನು ಬರೆದೆ. ಡಬ್ಬಿಗೆ ಹಾಕುವಾಗ ತಂಗಿ ಒಂದೊಂದಕ್ಕೂ "ಅಡ್ಡಾದಿಡ್ಡಿ ಹೋಗ್ಬ್ಯಾಡ" ಅಂತ ತಾಕೀತು ಮಾಡಿದಳು.

೪. ಮೂರನೇದು

ಒಂದು ಮಧ್ಯಾಹ್ನ ನೋಡಿದರೆ, ಬಾಗಿಲಲ್ಲಿ ಅಪ್ಪ! ಹೆಗಲಿಗೆ ಚೀಲ, ಕೈಯಲ್ಲಿ ಎರಡೇ ಕಾರ್ಡು.

"ಮೊದ್ಲು ‘ಅ’ ಬಂತು. ನಮ್ಮ ಗ್ಯಾಂಗಿನ ಮುಕಾದಮ, ‘ನಿನಗ ಯಾರೋ ಮತ್ತ ಸಾಲಿಗಿ ಕರೀಲಿಕತ್ತಾರ’ ಅಂತ ನಕ್ಕ. ನಾಕ್ ದಿನಕ್ಕ ‘ಪ್ಪ’ ಬಂತು. ಮುಂದಿಂದು ಬರೋತನ ತಡಕೊಳ್ಳೋದಾಗ್ಲಿಲ್ಲ, ಬಂದ್ಬಿಟ್ಟೆ."

ತಂಗಿ ಓಡಿ ಹೋಗಿ ತೆಕ್ಕೆ ಬೀಳುತ್ತಾಳೆ ಅಂದುಕೊಂಡೆ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಮೂರನೇದು ಓದ್ಲಾರ್ದೇ ಯಾಕ ಬಂದಿ? ಅದೇ ಎಲ್ಲಕ್ಕಿಂತ ಚಂದ ಬರ್ದಿದ್ದೆ! ಹೋಗು ವಾಪಸ್!"

ಅಪ್ಪ ಹೊಸ್ತಿಲ ಹೊರಗೇ ನಿಂತ. "ನಿಮ್ಮವ್ವಗ ಕೇಳು, ಹೋಗ್ಲೇನು?"

ಇಷ್ಟು ತಿಂಗಳು ಅಪ್ಪನ ಸುದ್ದಿಯನ್ನೇ ಎತ್ತದ ಅವ್ವ, ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ ಒಳಗಿಂದ ಬಂದಳು. ಅವಳಿಗೆ ಒಂದಕ್ಷರ ಓದಲು ಬಾರದು.

"ಆ ಕಾರ್ಡು ನಾ ಓದ್ತೀನಿ, ಕೇಳ್ರಿ" ಅಂದಳು. "ಒಳಗ ಬರ್ರಿ."