ಕಂಪನಿಯ ತಂಪು

ಗಜೇಂದ್ರಗಡದಲ್ಲಿ ಕಾರಿನ ಎ.ಸಿ. ರಿಪೇರಿ ಅಂತ ಬೋರ್ಡು ಹಾಕಿಕೊಂಡ ನನ್ನಂಥವನಿಗೆ ಕೆಲಸ ಕಡಿಮೆ ಬರಬಹುದು, ನಗುವುದಕ್ಕೇನೂ ಕೊರತೆಯಿಲ್ಲ. ಅದರಲ್ಲೂ ನಮ್ಮೂರ ಸೀರೆ ವ್ಯಾಪಾರಿಯೊಬ್ಬರ ಹಳೆಯ ವಿದೇಶಿ ಕಾರು ಗ್ಯಾರೇಜಿಗೆ ಬಂತೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ಮೂವತ್ತು ವರ್ಷ ದಾಟಿದ ಬಿಳಿ ಕಾರು, ಒಳಗೆ ಚರ್ಮದ ಸೀಟು, ಸಾಗವಾನಿ ಬಣ್ಣದ ಅಲಂಕಾರ. ಸಾಹುಕಾರರದು ಒಂದೇ ಹಟ. "ಕಂಪನ್ಯಾಗಿಂದ ಬಂದಾಗ ಇದ್ದ ಎ.ಸಿ.ನ ಇರಬೇಕ ನೋಡ ಮಿಸ್ತ್ರಿ. ಹೊಸಾದು ಹಾಕಿದಿ ಅಂದ್ರ ಕಾರ್ ನನ್ನದಲ್ಲ."

ಈ ಬೇಸಿಗೆಯಲ್ಲಿ ಹಟ ಇನ್ನೂ ಬಿಗಿಯಾಯಿತು. ನರಗುಂದದ ಅವರ ಬೀಗರು, ಹತ್ತಿ ವ್ಯಾಪಾರಿ, ನಾಲ್ಕು ಮಂದಿಯ ಮುಂದೆ "ಆ ಎ.ಸಿ.ಯಿಂದ ತಂಪ ಬರೂದಿಲ್ಲ, ಬರೇ ಸಪ್ಪಳ ಬರತೈತಿ" ಎಂದಿದ್ದರಂತೆ. ಸಾಹುಕಾರರು ಅಲ್ಲೇ ಪಂಥ ಕಟ್ಟಿದರು. ಮೇ ತಿಂಗಳ ನಡುಮಧ್ಯಾಹ್ನ ಬೀಗರನ್ನು ನರಗುಂದದಿಂದ ಅದೇ ಕಾರಿನಲ್ಲಿ ಕರೆತರುವುದು. ಬೀಗರು ಬಾಯಿಬಿಟ್ಟು "ತಂಪೈತಿ" ಅನ್ನಬೇಕು. ಅನ್ನದಿದ್ದರೆ ಕಾರು ಗುಜರಿಗೆ. ಆ ಕಾರೆಂದರೆ ನನಗೆ ಜೀವ. ಕೇಳಿದ ದಿನದಿಂದ ಸರಿಯಾಗಿ ಊಟ ಸೇರಲಿಲ್ಲ.

ಗ್ಯಾಸ್ ಖಾಲಿ

ಎ.ಸಿ. ಪೈಪಿಗೆ ಗಾಳಿ ತುಂಬಿ, ಮೇಲೆಲ್ಲ ಸೋಪಿನ ನೊರೆ ಹಚ್ಚಿ ನೋಡಿದೆ. ಒಂದು ಜೋಡಣೆಯಲ್ಲಿ ಗುಳ್ಳೆ ಎದ್ದವು. ಸೋರಿಕೆ ಮುಚ್ಚಿ ಸಾಹುಕಾರರ ಮನೆಗೆ ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿದರು.

"ಅಕ್ಕಾರ, ಗ್ಯಾಸ್ ಪೂರಾ ಖಾಲಿ ಆಗೇತ್ರಿ. ತುಂಬಬೇಕು, ಸಾವ್ಕಾರ್ರಿಗೆ ಹೇಳ್ರಿ."

ಅರ್ಧ ತಾಸಿನಲ್ಲಿ ಅವರ ಡ್ರೈವರ್ ಆಟೋದಿಂದ ಇಳಿದ. ಅವನ ಹಿಂದೆ ಅಡುಗೆಮನೆಯ ಸಿಲಿಂಡರೂ ಇಳಿಯಿತು.

"ಅಕ್ಕಾರು ಬಿಚ್ಚಿ ಕಳಿಸ್ಯಾರ," ಎಂದ. "ಎಷ್ಟ ಬೇಕೋ ಅಷ್ಟ ತುಂಬಿಕೊಂಡು ಉಳದದ್ದು ಲಗೂ ಕೊಡಬೇಕಂತ. ಪಲ್ಯಾ ಇನ್ನೂ ಒಲಿಮ್ಯಾಲ ಐತಿ."

ಎ.ಸಿ. ಬರತಾರ

ಪಂಥದ ಹಿಂದಿನ ದಿನ, ಕಾರಿಗೆ ತಕ್ಕ ಗ್ಯಾಸ್ ತುಂಬಿಸಿ, ಒಂದು ಸುತ್ತು ಹೋಗಿ ಬಾ ಎಂದು ಡ್ರೈವರನನ್ನು ಕಳಿಸಿದೆ. ಬೆಳವಣಕಿಯ ಹತ್ತಿರ ತಂಪು ನಿಂತೇ ಹೋಯಿತು. ನಾನು ಫೋನಿನಲ್ಲಿ "ಅಲ್ಲೇ ಇರು, ಬಂದೆ" ಎಂದೆ. ಅವನು ಚಹಾದಂಗಡಿಯಲ್ಲಿ ಕುಳಿತು ಕೇಳಿದವರಿಗೆಲ್ಲ "ಎ.ಸಿ.ಯವರು ಬರತಾರ" ಎಂದು ಹೇಳಿದ್ದಾನೆ. ಎದುರಿಗೆ ನೋಡಿದರೆ ಅಷ್ಟುದ್ದದ ಬಿಳಿ ಕಾರು. ಊರವರು ಅಸಿಸ್ಟಂಟ್ ಕಮಿಷನರೇ ಬರುತ್ತಾರೆಂದು ತಿಳಿದರು.

ನಾನು ಬೈಕಿನಿಂದ ಇಳಿದಾಗ ಮೂವತ್ತು ಮಂದಿ ಅರ್ಜಿ ಹಿಡಿದು ನಿಂತಿದ್ದರು. ಒಬ್ಬ ಹಿರಿಯರು ಕೈ ಮುಗಿದು ಕೇಳಿದರು, "ಎ.ಸಿ. ಅಂದ್ರ ನೀವೇನ್ರಿ?"

"ಹೌದ್ರಿ, ನಾನ" ಎಂದು ಸ್ಪ್ಯಾನರ್ ತೆಗೆದುಕೊಂಡು ಕಾರಿನ ಕೆಳಗೆ ಹೋದೆ. ಅಲ್ಲಿಗೂ ಒಂದು ಕೈ ಬಂತು. ಕೈಯಲ್ಲಿ ಪಿಂಚಣಿ ಅರ್ಜಿ. ಬಗ್ಗಿ ನೋಡಿದರೆ ಒಬ್ಬ ಮುದುಕಿ.

"ಯವ್ವಾ, ನಾ ಕಾರ್ ರಿಪೇರಿ ಮಾಡಾಂವ."

ಮುದುಕಿ ಮಂದಿಯ ಕಡೆ ತಿರುಗಿದಳು. "ನೋಡ್ರಿ, ತಮ್ಮ ಕಾರ್ ತಾವ ರಿಪೇರಿ ಮಾಡಕೋತಾರಂತ. ಸಾಹೇಬ್ರ ಅಂದ್ರ ಹಿಂಗಿರಬೇಕು."

ನರಗುಂದದಿಂದ ರೋಣದವರೆಗೆ

ಬೆಳವಣಕಿಯಲ್ಲಿ ಕೆಟ್ಟಿದ್ದು ಎ.ಸಿ.ಯ ಸ್ವಿಚ್ಚು. ಅಂಥ ಹಳೆಯ ಸ್ವಿಚ್ಚು ಮುಂಬೈಯಿಂದ ಬರಬೇಕು, ಪಂಥವೋ ಮರುದಿನವೇ. ನಾನು ವೈರನ್ನು ನೇರವಾಗಿ ಜೋಡಿಸಿಬಿಟ್ಟೆ. ಇಂಜಿನ್ ಚಾಲೂ ಆದರೆ ಎ.ಸಿ. ಪೂರ್ತಿ ಜೋರಿನಲ್ಲಿ ಚಾಲೂ. ಕಡಿಮೆ ಮಾಡುವ ದಾರಿ ಇಲ್ಲ. ಇದನ್ನು ಸಾಹುಕಾರರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಪಂಥದ ದಿನ, ನಡುದಾರಿಯಲ್ಲಿ ಕೆಟ್ಟರೆ ಇರಲಿ ಎಂದು ನನ್ನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿದರು. ಹಿಂದೆ ಸಾಹುಕಾರರು ಮತ್ತು ಬೀಗರು. ನರಗುಂದ ಬಿಟ್ಟು ಸ್ವಲ್ಪ ದೂರಕ್ಕೆ ಸಾಹುಕಾರರು ಕೇಳಿದರು, "ಹ್ಯಾಂಗೈತ್ರಿ ಬೀಗರ?"

"ಏನ್ ಅಂಥಾ ತಂಪಿಲ್ಲ ಬಿಡ್ರಿ" ಎಂದರು ಬೀಗರು, ಶಲ್ಯ ಹೊದ್ದುಕೊಳ್ಳುತ್ತ.

ಮುಂದೆ ಶಲ್ಯ ತಲೆಗೆ ಏರಿತು. ಡ್ರೈವರ್ ಟವೆಲನ್ನು ಕಿವಿಗೆ ಸುತ್ತಿಕೊಂಡ. ಕನ್ನಡಿಯಲ್ಲಿ ನೋಡಿದರೆ ಸಾಹುಕಾರರ ತುಟಿಯೂ ನಡುಗುತ್ತಿತ್ತು. ಗಾಜು ಇಳಿಸಿದರೆ ತಂಪು ಒಪ್ಪಿದಂತಾಗುತ್ತದೆಂದು ಬೀಗರು, ಕಾರಿಗೆ ಅವಮಾನವೆಂದು ಸಾಹುಕಾರರು, ಇಬ್ಬರೂ ಗಾಜಿನ ಗುಂಡಿ ಮುಟ್ಟಲಿಲ್ಲ.

ರೋಣದಲ್ಲಿ ಬೀಗರು "ಚಾ ಕುಡಿಯೂಣ" ಎಂದರು. ಇಳಿದವರೇ ಅಂಗಡಿಯ ನೆರಳು ಬಿಟ್ಟು ಉರಿಬಿಸಿಲಿಗೆ ಹೋಗಿ ನಿಂತರು.

"ನೆರಳಿಗೆ ಬರ್ರಿ ಬೀಗರ."

"ಇಲ್ಲೇ ಹವಾ ಚಲೋ ಐತ್ರಿ. ನಿಮ್ಮ ಕಾರಿನ್ಯಾಗ ಭಾಳ ಸೆಕಿ." ಹೇಳುವಾಗ ಹಲ್ಲು ಕಟಕಟ ಅನ್ನುತ್ತಿದ್ದವು. ಸಾಹುಕಾರರೂ ಹೋಗಿ ಪಕ್ಕದಲ್ಲೇ ಬಿಸಿಲಿಗೆ ಬೆನ್ನು ಕೊಟ್ಟು ನಿಂತರು.

ತಲಾ ಮೂರು ಕಪ್ ಚಹಾ ಮುಗಿಯಿತು. "ನಡೀರಿ, ಹತ್ರಿ" ಎಂದರು ಸಾಹುಕಾರರು. ಬೀಗರು ಕಾರನ್ನು ನೋಡಿದರು. ಅಷ್ಟರಲ್ಲಿ ಬಂದು ನಿಂತ ಗಜೇಂದ್ರಗಡದ ಬಸ್ಸನ್ನೂ ನೋಡಿದರು.

"ಖರೇ ಹೇಳತೇನ್ರಿ, ತಂಪೈತಿ. ಭಾಳ ತಂಪೈತಿ. ನಿಮ್ಮ ಕೈ ಮುಗೀತೇನಿ, ನಾ ಬಸ್ಸಿಗೆ ಬರತೇನಿ" ಎಂದು ಹತ್ತಿಯೇ ಬಿಟ್ಟರು.

ಕಾರು ಉಳಿಯಿತು. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಗೆದ್ದ ಸಾಹುಕಾರರು ನನ್ನ ಬೆನ್ನು ತಟ್ಟಿ "ಶಾಬಾಸ್ ಮಿಸ್ತ್ರಿ, ಕಾರ್ ನೀವಿಬ್ರೂ ತಗೊಂಡು ಬರ್ರಿ" ಎಂದವರು ಓಡಿಹೋಗಿ ಅದೇ ಬಸ್ಸು ಹತ್ತಿದರು. ಒಳಗಿಂದ ಅವರ ದನಿ ಕೇಳಿಸಿತು.

"ಬೀಗರ, ಅತ್ತಾಗ ಸರೀರಿ. ಬಿಸಿಗಾಳಿ ಬರೂ ಕಿಡಕಿ ನನಗ ಬಿಡ್ರಿ."