ಕೀಪರ್ ರುದ್ರಸ್ವಾಮಿಯ ಮಂಡಿ

ಹಾಲು ಕರೆದು ಎದ್ದ ಚನ್ನಮಲ್ಲಮ್ಮ ಸೀರೆಗೆ ಕೈ ಒರೆಸಿಕೊಳ್ಳುತ್ತ, "ಇವತ್ತು ನಾನೂ ಬತ್ತೀನಿ" ಎಂದಳು. ಎಲ್ಲ ಶುರುವಾದದ್ದು ಅಲ್ಲಿಂದಲೇ.

ರುದ್ರಸ್ವಾಮಿಯ ಟೀ ಲೋಟ ತುಟಿಯ ಹತ್ತಿರವೇ ನಿಂತಿತು. "ಎಲ್ಲಿಗೆ?"

"ರಾಮಾಪುರಕ್ಕೆ, ಮ್ಯಾಚ್ ನೋಡಕೆ. ನಿಮ್ಗೆ ಶಾಲು ಒದಿಸ್ತಾರಂತಲ್ಲ."

ಬೇಲಿಯ ಮೇಲೆ ಪಕ್ಕದ ಮನೆಯ ದೊಡ್ಡಬಸಮ್ಮನ ತಲೆ ಮೂಡಿತು. "ನಾನೇ ಏಳ್ದೆ ಕಣಪ್ಪ. ನಿನ್ ಕಡೇ ಆಟ, ಎಂಡ್ತಿ ನೋಡ್ದೆ ಇನ್ಯಾರ್ ನೋಡರು? ಆಟೋಗೂ ಏಳಿವ್ನಿ."

"ಬಿಸ್ಲು ಕಣೆ" ಎಂದ ಹೆಂಡತಿಗೆ.

"ಛತ್ರಿ ಅದೆ."

ಶಾಗ್ಯದ ಕ್ರಿಕೆಟ್ ತಂಡಕ್ಕೆ ರುದ್ರಸ್ವಾಮಿ ಮೀಸೆ ಮೂಡಿದಾಗಿನಿಂದ ವಿಕೆಟ್ ಕೀಪರ್. ಮೀಸೆ ನರೆತ ಮೇಲೆ ಮ್ಯಾನೇಜರ್ ಕೂಡ. ಮೊದಲು ಯಾರು ಬೋಲ್ ಮಾಡಬೇಕು, ಯಾರ ಅವ್ವನನ್ನು ಒಪ್ಪಿಸಿ ಮಗನನ್ನು ಕರೆತರಬೇಕು, ಬನ್ನು ಎಲ್ಲಿ ತರಬೇಕು, ಎಲ್ಲ ಅವನದೇ. ಬೌಲರ್ ಅಳುಮೋರೆ ಮಾಡಿದರೆ ಹೋಗಿ ಹೆಗಲ ಮೇಲೆ ಕೈಯಿಡುತ್ತಿದ್ದ, ಮಾತಾಡುತ್ತಿರಲಿಲ್ಲ. ಅಷ್ಟಕ್ಕೇ ಮುಂದಿನ ಚೆಂಡು ನೆಟ್ಟಗೆ ಬೀಳುತ್ತಿತ್ತು. ರುದ್ರಣ್ಣ ಸ್ಟಂಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತರೆ ಅವನನ್ನು ದಾಟಿ ಗಾಳಿಯೂ ಹೋಗುವುದಿಲ್ಲ ಎಂದು ಕೊಳ್ಳೇಗಾಲದಿಂದ ಯಳಂದೂರಿನವರೆಗೆ ಹುಡುಗರು ಹೇಳಿಕೊಳ್ಳುತ್ತಿದ್ದರು.

ತೊಂದರೆ ಆ ಕುಕ್ಕರುಗಾಲಿನದೇ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಹಾಲು ಕರೆಯಲು ಬೇಸರವಾಗಿ, "ಮಂಡಿ ಬಗ್ಗಲ್ಲ ಕಣೆ, ಡಾಕ್ಟ್ರು ಕೂರ್ಬ್ಯಾಡಿ ಅಂದವ್ರೆ" ಎಂದುಬಿಟ್ಟಿದ್ದ. ಅವಳು ಏನೂ ಕೇಳದೆ ಚೊಂಬು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಆಮೇಲೆ ಹಸುಗಳು ಬದಲಾದವು, ಕರೆಯುವವಳು ಬದಲಾಗಲಿಲ್ಲ. ಕಳೆ ಕೀಳುವುದಕ್ಕೂ ಅದೇ ಮಂಡಿ, ಕಡಲೆಕಾಯಿ ಬಿಡಿಸುವುದಕ್ಕೂ ಅದೇ ಮಂಡಿ. ಪಂದ್ಯ ನೋಡಲು ಅವಳು ಒಮ್ಮೆಯೂ ಬಂದಿರಲಿಲ್ಲವಾದ್ದರಿಂದ ಸುಳ್ಳು ಆರೋಗ್ಯವಾಗಿ ಬೆಳೆದಿತ್ತು.

ರಾಮಾಪುರದ ಮೈದಾನದಲ್ಲಿ ಎದುರಾಳಿ ಲೊಕ್ಕನಹಳ್ಳಿ. ಶಾಗ್ಯದವರು ಮೊದಲು ಆಡಿ ಒಳ್ಳೆಯ ರನ್ನೇ ಹೊಡೆದರು. ಕೀಪಿಂಗ್‌ಗೆ ಇಳಿದ ರುದ್ರಸ್ವಾಮಿ, ಹೆಂಗಸರೆಲ್ಲ ದೂರದ ಶಾಮಿಯಾನದಲ್ಲಿದ್ದಾರೆಂದು ಧೈರ್ಯವಾಗಿ ಇನ್ನೇನು ಕೂರಬೇಕು, ದೊಡ್ಡಬಸಮ್ಮ ಎರಡು ಕುರ್ಚಿ ಎಳೆದುಕೊಂಡು ಅವನ ಬೆನ್ನ ಹಿಂದಿನ ಬೌಂಡರಿಗೇ ಬಂದಳು. "ಇಲ್ಲಿ ಕೂತ್ಕ ಚನ್ನಿ, ನಿನ್ ಗಂಡ ಸಂದಾಗಿ ಕಾಣ್ತಾನೆ."

ಅರ್ಧ ಬಗ್ಗಿದ್ದ ರುದ್ರಸ್ವಾಮಿ ಹಾಗೇ ನೆಟ್ಟಗಾದ. ಹೆಂಡತಿಯ ಕಣ್ಣು ತನ್ನ ಮಂಡಿಯ ಹಿಂಭಾಗವನ್ನೇ ನೋಡುತ್ತಿರುವಂತೆ ಅನಿಸಿತು.

ಮೊದಲ ಚೆಂಡೇ ಕಾಲಸಂದಿಯಲ್ಲಿ ತೂರಿತು. "ನಮ್ ಕೀಪರ್ ರುದ್ರಣ್ಣ ಇವತ್ತು ತೆಂಗಿನ್ ಮರದಂಗೆ ನಿಂತವ್ರೆ!" ಎಂದು ಕಾಮೆಂಟರಿ ಹೇಳುತ್ತಿದ್ದ ಪ್ರಭುಸ್ವಾಮಿಯ ಮೈಕು ಊರಿಗೆಲ್ಲ ಸಾರಿತು.

ಬೌಲರ್ ಮಾದೇಶ ಓಡಿ ಬಂದ. "ಅಣ್ಣಾ, ಕೂತ್ಕಳಣ್ಣಾ!"

"ಇದು ಹೊಸ ಸ್ಟೈಲು ಕಣ್ಲಾ. ನೀನ್ ಬಾಲ್ ಮೇಲಕ್ಕ್ ಹಾಕು."

ಮಾದೇಶ ಮೇಲಕ್ಕೆ ಹಾಕಿದ. ಲೊಕ್ಕನಹಳ್ಳಿಯವನು ಅದನ್ನು ಬೇಲಿಯಾಚೆ ಹಾಕಿದ. ರುದ್ರಸ್ವಾಮಿ ಬಾವಿಗೆ ಬಿದ್ದ ಬಿಂದಿಗೆ ಹುಡುಕುವವನಂತೆ ಸೊಂಟದಲ್ಲಷ್ಟೇ ಬಗ್ಗಿ ನೋಡಿದ. ಕೊನೆಗೆ ಮ್ಯಾನೇಜರ್ ಅಧಿಕಾರ ಬಳಸಿ ತನ್ನ ಹಿಂದೆ ಒಬ್ಬ ಹುಡುಗನನ್ನು ನಿಲ್ಲಿಸಿದ. "ಕೀಪರ್‌ಗೇ ಒಬ್ಬ ಕೀಪರ್!" ಎಂದಿತು ಮೈಕು. ಜನ ಶಿಳ್ಳೆ ಹೊಡೆದರು. ಚನ್ನಮಲ್ಲಮ್ಮ ಮಾತ್ರ ನಗಲಿಲ್ಲ.

ಕಡೆಯ ಚೆಂಡಿಗೆ ಲೊಕ್ಕನಹಳ್ಳಿಗೆ ಎರಡು ರನ್ ಬೇಕಿತ್ತು. ರನ್ ತಡೆಯಲೆಂದು ಆ ಹುಡುಗನನ್ನೂ ಮುಂದಕ್ಕೆ ಕಳಿಸಿದ್ದಾಯಿತು. ಬ್ಯಾಟಿನವನು ಗೆರೆ ದಾಟಿ ಬಂದು ಬೀಸಿದ, ತಪ್ಪಿದ. ಚೆಂಡು ನೆಲಕ್ಕೆ ಅಂಟಿಕೊಂಡು ಬಂತು. ಕೂತಿದ್ದರೆ ಕಣ್ಣು ಮುಚ್ಚಿಕೊಂಡು ಸ್ಟಂಪ್ ಮಾಡಬಹುದಿತ್ತು. ಮಂಡಿ ತಾನಾಗಿಯೇ ಮಡಚಿಕೊಳ್ಳಲು ಹೊರಟಿತು. ರುದ್ರಸ್ವಾಮಿ ಬಲವಂತವಾಗಿ ತಡೆದ. ಚೆಂಡು ಅವನ ಕಾಲಸಂದಿಯಿಂದ ಉರುಳಿ ಉರುಳಿ ಬೌಂಡರಿ ದಾಟಿ ಚನ್ನಮಲ್ಲಮ್ಮನ ಕಾಲ ಬಳಿ ನಿಂತಿತು.

ಸೋತ ಮೇಲೂ ಶಾಲು ಹೊದಿಸಿದರು. ಮಾದೇಶ ಹಾರ ಹಾಕುವಾಗ ಮುಖ ನೋಡಲಿಲ್ಲ.

ಮನೆಗೆ ಬಂದಾಗ ಹಸು ಕೂಗುತ್ತಿತ್ತು. ಕೊಟ್ಟಿಗೆಯಲ್ಲಿ ಚನ್ನಮಲ್ಲಮ್ಮ ಚೊಂಬು ಹಿಡಿದು ಅವನತ್ತ ತಿರುಗಿದಳು. ಕೇಳಿದಳು: "ಯಾಕ್ ಕೂತ್ಕಳ್ನಿಲ್ಲ?"

"ಮಂಡಿ..."

"ಬುಡಿ. ರುದ್ರಣ್ಣ ಕೂತ್ರೆ ಅಂಗೆ, ರುದ್ರಣ್ಣ ಕೂತ್ರೆ ಇಂಗೆ ಅಂತ ಊರೇ ಮಾತಾಡದು. ನನ್ಗೇನ್ ಕಿವಿ ಇಲ್ವಾ? ಮದ್ವೆ ಆದ್ ವರ್ಸವೇ ಗೊತ್ತಾಯ್ತು."

ರುದ್ರಸ್ವಾಮಿ ಶಾಲಿನ ಅಂಚು ಹಿಡಿದುಕೊಂಡ. "ಮತ್ತೆ ಒಂದ್ ಮಾತೂ ಅನ್ನಿಲ್ವಲ್ಲ?"

"ಇರದು ಒಂದ್ ಜೊತೆ ಮಂಡಿ. ಆಟಕ್ಕೂ ಹಸುಗೂ ಎಲ್ಡ್ಕೂ ಬಾಳಿಕೆ ಬತ್ತದಾ ಅನ್ಕಂಡೆ." ಅವಳು ಹಸುವಿನ ಬೆನ್ನು ಸವರಿದಳು. "ಇವತ್ತು ಆಟ ಮುಗೀತದೆ, ಕಡೇಗೊಂದ್ ಸಲ ಕೂತ್ಕಳದ ನೋಡವ ಅಂತ ಬಂದ್ರೆ, ಕಂಬದಂಗ್ ನಿಂತ್ಬುಟ್ರಿ."

ರುದ್ರಸ್ವಾಮಿ ಶಾಲು ಹೆಗಲ ಮೇಲಿದ್ದಂತೆಯೇ ಚೊಂಬು ತೆಗೆದುಕೊಂಡು ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಬೆನ್ನು ನೆಟ್ಟಗೆ, ಕೈ ಮುಂದೆ, ಸ್ಟಂಪಿನ ಹಿಂದೆ ಕೂತಂತೆಯೇ. ಚನ್ನಮಲ್ಲಮ್ಮ ಕಂಬಕ್ಕೆ ಒರಗಿ ಹಾಲು ಕರೆದು ಮುಗಿಯುವವರೆಗೂ ನೋಡಿದಳು.

"ಎಷ್ಟ್ ಸಂದಾಗ್ ಕೂತ್ಕತೀರಿ" ಎಂದಳು ಮೆಲ್ಲಗೆ.

ರುದ್ರಸ್ವಾಮಿ ನಾಚಿಕೊಂಡು ಏಳಲು ಹೋದ. ಮಂಡಿ ಕಟಕ್ ಎಂದಿತು. ಮತ್ತೆ ಪ್ರಯತ್ನಿಸಿದ. ದಿನವಿಡೀ ಬಿಸಿಲಲ್ಲಿ ನಿಂತು ಬಿಗಿದಿದ್ದ ಕಾಲು ಜಪ್ಪಯ್ಯ ಎನ್ನಲಿಲ್ಲ.

"ಏಳಕ್ಕಾಯ್ತಿಲ್ಲ ಕಣೆ. ಮಂಡಿ ಇಡ್ಕತು. ನಿಜವಾಗ್ಲೂ!"

ಚನ್ನಮಲ್ಲಮ್ಮ ನಕ್ಕ ನಗೆಗೆ ಬೇಲಿಯ ಮೇಲೆ ದೊಡ್ಡಬಸಮ್ಮನ ತಲೆ ಮೂಡಿತು. "ಏನಂತೆ ಚನ್ನಿ?"

"ಮಂಡಿ ನೋವಂತೆ ಕಣಕ್ಕ!"

ಇಬ್ಬರೂ ಕಣ್ಣೀರು ಬರುವಂತೆ ನಕ್ಕರು. ನಕ್ಕು ಸುಸ್ತಾದ ಮೇಲೆ ಚನ್ನಮಲ್ಲಮ್ಮ ಅವನ ಕೈಯಿಂದ ಹಾಲಿನ ಚೊಂಬು ತೆಗೆದುಕೊಂಡು, ಜಾರಿದ ಶಾಲನ್ನು ಅವನ ಹೆಗಲಿಗೆ ಸರಿಯಾಗಿ ಹೊದಿಸಿದಳು.

"ಇಲ್ಲೇ ಕೂತಿರಿ" ಎಂದಳು. "ಬೆಳಿಗ್ಗೆ ಹಾಲ್ ಕರೆಯಕೂ ಅನುಕೂಲಾಯ್ತದೆ."