ಕದ್ದು ಕೊಡುವ ಕಾಕಾ

...ಅಲ್ಲ, ಪ್ಲಾಸ್ಟರ್ ಹಾಕಿದ್ದು ಆಡಿನ ಹಿಂದಿನ ಕಾಲಿಗೇ ಇರಬೇಕು. ಮುಂದಿನ ಕಾಲಿಗೆ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಕೇಳಿದವರೆಲ್ಲ ನಕ್ಕಿದ್ದಾರೆ, ಹಾಗಾಗಿ ಅದು ಮುಂದಿನ ಕಾಲೇ ಆಗಿಬಿಟ್ಟಿದೆ. ನಗು ಬಂದ ಕಡೆಗೆ ನೆನಪು ವಾಲುತ್ತದೆ, ಏನು ಮಾಡಲಿಕ್ಕಾಗುತ್ತದೆ? ಒಂದು ಮಾತು ಮಾತ್ರ ಖಾತ್ರಿ. ಆ ಆಡಿನ ನಾಲ್ಕೂ ಕಾಲು ಗಟ್ಟಿಮುಟ್ಟಾಗಿದ್ದವು. ಪ್ಲಾಸ್ಟರ್ ಹಾಕಿಸಿದವರು ನಮ್ಮ ಕಾಕಾ. ಅವರು ಓದಿದ್ದು ದನದ ಡಾಕ್ಟರಿಕೆ!

ನಮ್ಮ ಕಾಕಾನಂಥ ಕಳ್ಳ ಭಾಲ್ಕಿ ತಾಲೂಕಿನಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಫರಕು ಇಷ್ಟೇ: ಉಳಿದ ಕಳ್ಳರು ಕದ್ದು ತೆಗೆದುಕೊಂಡು ಹೋಗುತ್ತಾರೆ, ಇವರು ಕದ್ದು ಇಟ್ಟು ಬರುತ್ತಿದ್ದರು.

ಇದಕ್ಕೆಲ್ಲ ಕಾರಣ ಬೀದರಿನ ಲಾಡ್ಜು. ರೂಮು ಬಾಡಿಗೆಗೆ ಕೊಡುವ ಲಾಡ್ಜಲ್ಲ, ಫ್ರೀಮೇಸನ್ ಅನ್ನುವ ಗುಪ್ತ ಬಳಗದ ಲಾಡ್ಜು. ಬೀದರಿನ ಮಂದಿ ಅದರ ಕಟ್ಟಡಕ್ಕೆ ಜಾದೂಘರ್ ಎಂದೇ ಕರೆಯುತ್ತಿದ್ದರು. ಕಾಕಾ ನೌಕರಿಯಿಂದ ನಿವೃತ್ತರಾದ ಮೇಲೆ ಅದರ ಸದಸ್ಯರಾದರು. ತಿಂಗಳಿಗೊಮ್ಮೆ ಕರಿ ಕೋಟು ತೊಟ್ಟು, ಚಪ್ಪಟೆ ಪೆಟ್ಟಿಗೆಯೊಂದನ್ನು ಬಗಲಲ್ಲಿ ಹಿಡಿದು, ಬಿರುಬಿಸಿಲಿನಲ್ಲಿ ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದರು. ಕಂಡಕ್ಟರನೊಬ್ಬ ವಕೀಲರೆಂದು ತಿಳಿದು ತನ್ನ ಅಣ್ಣತಮ್ಮಂದಿರ ಹೊಲದ ತಂಟೆಯನ್ನೆಲ್ಲ ಹೇಳಿಕೊಂಡಿದ್ದನಂತೆ. ಕಾಕಾ ಪೂರ್ತಿ ಕೇಳಿ, "ಮೊದಲ ಎತ್ತಿಗಿ ಜಂತಿನ ಔಷಧ ಹಾಕ್ಸು" ಎಂದರಂತೆ.

ಕಾಕಿಗೆ ಈ ಜಾದೂಘರದ ಮೇಲೆ ಪೂರ್ತಿ ಸಂಶಯ.

"ಅಲ್ಲಿ ಏನ್ ಮಾಡ್ತೀರಿ?"

"ಹೇಳಂಗಿಲ್ಲ."

"ಏನ್ ತಿಂತೀರಿ?"

"ಅದೂ ಹೇಳಂಗಿಲ್ಲ."

"ಹೇಳಬ್ಯಾಡ್ರಿ. ಕೋಟಿನ ಮ್ಯಾಲ ತುಪ್ಪ ಸೋರ್ಯಾದ. ಸಕ್ಕರಿ ಬ್ಯಾನಿ ಇಟ್ಕೊಂಡು ಡಬಲ್ ಕಾ ಮೀಠಾ ಹೊಡದ್ ಬಂದೀರಿ!"

ಸಾವಿರಾರು ಮೈಲಿಯ ಆಚೆಯಿಂದ ಬಂದ ಗುಟ್ಟು ಭಾಲ್ಕಿಯ ಅಡುಗೆಮನೆಯಲ್ಲಿ ಹೀಗೆ ಬಯಲಾಯಿತು. ಆದರೆ ಒಂದು ಗುಟ್ಟನ್ನು ಕಾಕಾ ಬಿಡಲಿಲ್ಲ. ಲಾಡ್ಜಿನವರು ಏನಾದರೂ ದಾನ ಮಾಡಿದರೆ ಕೊಟ್ಟವರ ಹೆಸರು ತಗೊಂಡವರಿಗೆ ತಿಳಿಯಬಾರದು. ಅವರ ಪದ್ಧತಿ ಹಾಗಂತೆ.

"ನಮ್ಮ ಮಠದಾಗೂ ದಾಸೋಹ ಅದ" ಎಂದು ಕಾಕಿ ವಾದಕ್ಕಿಳಿಯುತ್ತಿದ್ದರು. "ಬಾಗಲ ತೆರದೇ ಇರ್ತದ. ನಿಮ್ದು ಬಾಗಲ ಮುಚ್ಚಿ ಮಾಡೋ ದಾಸೋಹ ಯಾವ ಸೀಮಿದ್ರಿ?"

"ಅಲ್ಲಿ ಉಂಡವರ ಹೆಸರ ಕೇಳಂಗಿಲ್ಲ. ಇಲ್ಲಿ ಕೊಟ್ಟವರ ಹೆಸರ ಕೇಳಂಗಿಲ್ಲ. ಇಬ್ಬರೂ ಬೀಗರೇ!"

ಈ ಹುಚ್ಚು ಮನೆಯೊಳಗೂ ಬಂತು. ನನ್ನ ತಂಗಿಯ ಮದುವೆಯಲ್ಲಿ (ತಂಗಿ ಇದು ತನ್ನ ಮದುವೆಯಲ್ಲ, ಅಕ್ಕನದು ಅನ್ನುತ್ತಾಳೆ, ಅಕ್ಕ ತಂಗಿಯದು ಅನ್ನುತ್ತಾಳೆ, ಒಪ್ಪಿಕೊಳ್ಳಲು ಇಬ್ಬರಿಗೂ ನಾಚಿಕೆ) ಆಹೇರಿ, ಅಂದರೆ ಮುಯ್ಯಿ, ಶುರುವಾಯಿತು. ನಮ್ಮ ಕಡೆ ಆಹೇರಿ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರಲ್ಲ? ಕಾಕಾ ಹೋಗಿ ಮೈಕಿನ ವೈರು ಕಿತ್ತರು! ಒಂದು ಬಟ್ಟೆಯ ಚೀಲ ಹಿಡಿದು ಮಂದಿಯ ನಡುವೆ ಹೊರಟರು. "ಮುಷ್ಟಿ ಮುಚ್ಚಿ ಹಾಕ್ರಿ, ಕೈ ತೆರದು ತೆಗೀರಿ. ಯಾರ್ ಏನ್ ಹಾಕಿದ್ರಿ ಅಂತ ಯಾರಿಗೂ ತಿಳೀಬಾರದು." ಮಂದಿ ಭಕ್ತಿಯಿಂದ ಕೈ ಹಾಕಿದರು. ಸಂಜೆ ಚೀಲ ಸುರುವಿದರೆ ನೋಟುಗಳ ಜೊತೆ ಅಡಿಕೆ, ಅಂಗಿಯ ಗುಂಡಿ, ಔರಾದ್ ಬಸ್ಸಿನ ಟಿಕೀಟು, ಅರ್ಧ ಕಡಿದ ಪೇಡೆ.

"ಮೈಕಿನಾಗ ಕರೀದಿದ್ರ ಮಂದಿ ಗುಂಡೀನೇ ಹಾಕ್ತಾರ" ಎಂದರು ಕಾಕಿ.

ಕಾಕಾ ಆ ಗುಂಡಿಯನ್ನು ಬಹಳ ಹೊತ್ತು ನೋಡಿದರು. "ಪಾಪ, ಅವನ ಅಂಗಿ ಬಿಚ್ಚಿ ಹೋಗಿರ್ಬೇಕು" ಎಂದರು.

ಕಂಬಳಿಯ ಕಥೆ ಇದಕ್ಕಿಂತ ದೊಡ್ಡದು. ಆ ಚಳಿಗಾಲ ಲಾಡ್ಜು ಕಂಬಳಿ ಹಂಚುವುದೆಂದಾಯಿತು. ಹಂಚುವ ಕೆಲಸ ಕಾಕಾನಿಗೆ ಬಂತು. ನಾನು ಆಗ ಭಾಲ್ಕಿಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದೆ, ಜೀಪು ಹೊಡೆಯಲು ನನ್ನನ್ನು ಎಳೆದುಕೊಂಡು ಹೋದರು. ಔರಾದ್ ಕಡೆಯ ಒಂದು ಹಳ್ಳಿ, ಹೆಸರು ಬೇಡ. ಊರಿಗೆ ಊರೇ ತೊಗರಿ ಕೊಯ್ಯಲು ಹೋಗಿದ್ದ ಮಧ್ಯಾಹ್ನ. ಕಾಕಾ ಒಂದೊಂದು ಹೊಸ್ತಿಲ ಮೇಲೆ ಒಂದೊಂದು ಕಂಬಳಿ ಇಟ್ಟು, ಹಿಂದಿರುಗಿ ನೋಡದೆ ಓಡಿ ಬಂದು ಜೀಪು ಹತ್ತಿದರು. ಹೆಸರಿಲ್ಲ, ಚೀಟಿಯಿಲ್ಲ. ಅಂಚಿನಲ್ಲಿ ಮಾತ್ರ ಯಾರೋ ಉತ್ಸಾಹದಲ್ಲಿ ಲಾಡ್ಜಿನ ಗುರುತು ಹೊಲಿಸಿದ್ದರು: ಮೂಲೆಮಟ್ಟ, ಕೈವಾರ, ಅದರ ನಡುವೆ ಒಂದು ಕಣ್ಣು!

ಸಂಜೆ ಹೊಲದಿಂದ ಬಂದವರಿಗೆ ಬಾಗಿಲಲ್ಲಿ ಕಣ್ಣು ಬಿಟ್ಟುಕೊಂಡ ಕಂಬಳಿ ಕಾದಿದ್ದರೆ ಏನನ್ನಿಸಬೇಕು? ಬೀದರ್ ಜಿಲ್ಲೆಯಲ್ಲಿ ಅದಕ್ಕೆ ಒಂದೇ ಅರ್ಥ. ಭಾನಾಮತಿ! ಯಾರೋ ಊರಿಗೇ ಮಾಟ ಮಾಡಿಸಿದ್ದಾರೆ! ಕೋಲಿನಿಂದ ಎತ್ತಿ ಎಲ್ಲ ಕಂಬಳಿಗಳನ್ನು ಬೇವಿನ ಮರದ ಕೆಳಗೆ ಗುಡ್ಡೆ ಹಾಕಿದರು. ಪಕ್ಕದ ಊರಿನಿಂದ ಮಂತ್ರ ಹಾಕುವವನನ್ನು ಕರೆಸಿದರು. ಅವನು ನಿಂಬೆಹಣ್ಣು ಕೊಯ್ದು, ಇವು ಬಹಳ ಖತರ್ನಾಕ್ ಇವೆ, ಇಲ್ಲಿ ಸುಡಲು ಬರುವುದಿಲ್ಲ ಎಂದು ಗಾಡಿಯಲ್ಲಿ ಹೇರಿಕೊಂಡು ಹೋದ. ಆ ವರ್ಷ ಚಳಿ ಜೋರಾಗಿತ್ತು. ಮಂತ್ರ ಹಾಕುವವನ ಮನೆಯಲ್ಲಿ ಮಾತ್ರ ಯಾರಿಗೂ ನೆಗಡಿ ಬರಲಿಲ್ಲ.

ಸುದ್ದಿ ಬೀದರ್ ತಲುಪಿತು. ಲಾಡ್ಜಿನ ಹಿರಿಯರು ಒಬ್ಬ ಸಾಹೇಬರು, ಚೌಬಾರಾದ ಹತ್ತಿರ ಗಡಿಯಾರದ ಅಂಗಡಿ ಇಟ್ಟವರು. ಅವರೇ ಭಾಲ್ಕಿಗೆ ಬಂದರು.

"ಅರೇ ಡಾಕ್ಟರ್ ಸಾಬ್, ಮುಚ್ಚಿ ಕೊಟ್ರ ಮಂದಿ ಭಾನಾಮತಿ ಅಂತಾರ. ಇನ್ನ ಮ್ಯಾಲ ಸ್ಟೇಜ್ ಹಾಕೋಣ, ಫೋಟೋ ಹೊಡಸೋಣ. ಮಂದಿಗಿ ಭೀ ಧೈರ್ಯ ಆಗ್ತದ."

"ಫೋಟೋ ಯಾಕ ಸಾಹೇಬ್ರ?"

"ಕ್ಯಾ ಕರೇಂ ಮಿಯಾ, ಜಮಾನಾ ಐಸಾ ಹೈ."

ಕಾಕಾ ಎರಡು ತಿಂಗಳೋ ಮೂರು ತಿಂಗಳೋ ಕರಿ ಕೋಟು ಮುಟ್ಟಲಿಲ್ಲ. ಕಾಕಿ ಅದನ್ನು ಬಿಸಿಲಿಗೆ ಹಾಕಿ ತುಪ್ಪದ ಕಲೆ ತೆಗೆದರು.

ಆ ಹೊತ್ತಿಗೇ ಠಾಣಾ ಕುಶನೂರಿನ ಕಾಶೀಬಾಯಿಯ ಸಂಗತಿ ಕಿವಿಗೆ ಬಿತ್ತು. ಕಾಶೀಬಾಯಿ ಸಾಲಿಯಲ್ಲಿ ಬಿಸಿಯೂಟ ಮಾಡುವಾಕೆ. ಸೋಯಾ ರಾಶಿ ಮಾಡುವ ಮಷೀನಿಗೆ ಸಿಕ್ಕು ಮೊಣಕಾಲಿನ ಕೆಳಗೆ ಒಂದು ಕಾಲು ಹೋಗಿತ್ತು. ಜೂನಿನಲ್ಲಿ ಸಾಲಿ ತೆರೆಯುವ ಹೊತ್ತಿಗೆ ಒಲೆಯ ಮುಂದೆ ನಿಲ್ಲುವಂತಾದರೆ ಕೆಲಸ ಆಕೆಯದು. ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೆಡ್‌ಮಾಸ್ತರರು ಬಹಳ ಸಂಕೋಚದಿಂದಲೇ ಹೇಳಿ ಹೋಗಿದ್ದರು. ಆ ಕೆಲಸ ಬಿಟ್ಟರೆ ಆಕೆಗೆ ಬೇರೆ ಆಧಾರವಿರಲಿಲ್ಲ.

ಹಾಗಾದರೆ ಒಂದು ರಬ್ಬರಿನ ಜೈಪುರ ಕಾಲು ಹಾಕಿಸಿದರಾಯಿತಲ್ಲ? ಕೊಡುವವರೂ ಇದ್ದರು. ಆಕೆಯೇ ಒಲ್ಲೆ ಅನ್ನುತ್ತಿದ್ದಳು. ಹಿಂದೆ ಯಾರೋ ಮೂರು ಗಾಲಿಯ ಸೈಕಲ್ ಕೊಟ್ಟು ಫೋಟೋ ತೆಗೆಸಿ ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಿದ್ದರು. ಕೊಟ್ಟವರೆಲ್ಲ ಕೈ ಮುಗಿದು ನಗುತ್ತಿದ್ದಾರೆ, ನಡುವೆ ಈಕೆ ತಲೆ ತಗ್ಗಿಸಿ ಕೂತಿದ್ದಾಳೆ. ಮಳೆ ಬಂದು ಅದು ಹರಿಯುವವರೆಗೂ ಆಕೆ ಬಸ್ ಸ್ಟ್ಯಾಂಡಿನ ಕಡೆ ಹಾಯಲಿಲ್ಲ. ಕಾಕಾ ಮನೆಗೆ ಹೋದಾಗ ಬಾಗಿಲಲ್ಲೇ ಹೇಳಿದಳು:

"ನನ್ನ ಕಾಲ ಹೋಗ್ಯಾದ್ರಿ ಡಾಕ್ಟರ್ ಸಾಹೇಬ್ರ, ಮಾರಿ ಇನ್ನಾ ಅದ."

ಕಾಕಾನ ಕಣ್ಣು ಹೊಳೆದದ್ದನ್ನು ನೋಡಬೇಕಿತ್ತು! ಅವರ ರೋಗಕ್ಕೆ ಸರಿಯಾದ ರೋಗಿ ಸಿಕ್ಕಿದ್ದಳು.

"ಫೋಟೋ ಇಲ್ಲವಾ. ಊರಿಗಿ ತಿಳಿಯಂಗಿಲ್ಲ."

"ಮತ್ತ ಕೊಡೋರು ಯಾರ್ರಿ?"

"ಹೇಳಂಗಿಲ್ಲ."

"ಹೇಳಂಗಿಲ್ಲ ಅಂದ್ರ ತಗೋತೇನಿ."

ತೊಂದರೆ ಒಂದೇ. ಕಂಬಳಿಯಂತೆ ಕಾಲನ್ನು ಹೊಸ್ತಿಲ ಮೇಲೆ ಇಟ್ಟು ಓಡಲು ಬರುವುದಿಲ್ಲ. ಅಳತೆ ತೆಗೆಯಬೇಕು, ಪ್ಲಾಸ್ಟರಿನಲ್ಲಿ ಅಚ್ಚು ಹಿಡಿಯಬೇಕು. ಅದಕ್ಕೆ ಹೈದರಾಬಾದಿನಿಂದ ಕಾಲು ಮಾಡುವವನೇ ಬರಬೇಕು. ಠಾಣಾ ಕುಶನೂರಿನಲ್ಲಿ ಹೊಸಬನೊಬ್ಬ ಬಸ್ಸಿನಿಂದ ಇಳಿದರೆ ಅವನು ಯಾರ ಮನೆಯ ಬೀಗ ಎಂಬುದು ಚಹಾ ಬರುವಷ್ಟರಲ್ಲಿ ಇತ್ಯರ್ಥವಾಗಿರುತ್ತದೆ! ಕಾಕಾ ಯೋಚಿಸಿ ಯೋಚಿಸಿ ಊರಲ್ಲಿ ಡಂಗುರ ಹೊಡೆಸಿದರು: ದನಗಳ ತಪಾಸಣೆ, ಮನೆಮನೆಗೆ ಬಂದು ನೋಡಲಾಗುವುದು.

ಕಾಲು ಮಾಡುವವನು ಸಣಕಲು ಮನುಷ್ಯ, ಎಮ್ಮೆಯನ್ನು ಇಷ್ಟು ಹತ್ತಿರದಿಂದ ಕಂಡವನಲ್ಲ. ಅವನಿಗೆ ಖಾಕಿ ಅಂಗಿ ತೊಡಿಸಿ ಕಂಪೌಂಡರ್ ಮಾಡಿದೆವು. ಮೊದಲ ಮನೆಯಲ್ಲೇ ಒಬ್ಬ ರೈತ ಅಡ್ಡ ಹಾಕಿದ.

"ನಮ್ಮ ಎಮ್ಮಿ ಮೇವ ಮುಟ್ಟವಲ್ದು ನೋಡ್ರಿ ಸಾಹೇಬ್ರ."

ಪಾಪದವನು ಜನ್ಮದ ಅಭ್ಯಾಸದಂತೆ ಕೇಳಿದ: "ಎಡಗಾಲೋ, ಬಲಗಾಲೋ?"

ಅಂತೂ ಕಾಶೀಬಾಯಿಯ ಮನೆ ಮುಟ್ಟಿದೆವು. ಆಡು ನೋಡುವ ನೆಪದಲ್ಲಿ ಕಾಕಾ, ಕಂಪೌಂಡರ್ ಇಬ್ಬರೂ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಕಟ್ಟೆಯ ಮೇಲೆ ಕಾವಲು. ಆಡು ನೋಡಲು ಎಷ್ಟು ಹೊತ್ತು ಬೇಕು? ಮಂದಿ ನೆರೆಯಿತು. ಕೊನೆಗೆ ಕಂಪೌಂಡರ್ ಬಾಗಿಲು ತೆರೆದ. ಮೊಣಕೈವರೆಗೆ ಬೆಳ್ಳಗೆ ಪ್ಲಾಸ್ಟರ್! ಕೈಯಲ್ಲಿ ಬೆಳ್ಳನೆಯ ಬಕೀಟು!

"ಒಳಗ ಏನ್ ನಡದದ್ರಿ?"

"ಆಡಿನ ಕಾಲ ಮುರದದ" ಎಂದರು ಕಾಕಾ.

"ಮುಂಜಾನಿ ಜಿಗೀಲಾಕ ಹತ್ತಿತ್ತಲ್ರಿ!"

"ಅದಕ್ಕೇ ಮುರೀತು!"

ಹೇಳಿದ ಮೇಲೆ ಮುಗಿಯಿತಲ್ಲ, ಒಳಗೆ ಹೋಗಿ ಆಡಿನ ಕಾಲಿಗೂ ಪ್ಲಾಸ್ಟರ್ ಹಾಕಬೇಕಾಯಿತು. ಹೊರಗೆ ಬಿಟ್ಟದ್ದೇ ತಡ, ಆಡು ಆ ಬಿಳಿ ಕಾಲನ್ನು ಹೊತ್ತುಕೊಂಡೇ ಪಕ್ಕದ ಮನೆಯ ಗೋಡೆ ಹತ್ತಿ ನಿಂತಿತು.

"ಕೈಗುಣ ಅಂದ್ರ ಇದು ನೋಡ್ರಿ" ಎಂದ ಎಮ್ಮೆಯ ರೈತ.

ಒಳಗಿನಿಂದ ಕಾಶೀಬಾಯಿ ನಗುವುದು ಕೇಳಿಸಿತು. ಕೇಳಿಸಿತು ಅಂತಲೇ ನಾನು ನಂಬಿದ್ದೇನೆ.

ಕಾಲು ತಯಾರಾಗಿ ಹಿಂಡಿಯ ಚೀಲದಲ್ಲಿ ಬಂತು. ಅದನ್ನು ಕೂಡಿಸಲು ಕಂಪೌಂಡರ್ ಇನ್ನೊಮ್ಮೆ ಎಮ್ಮೆಗಳನ್ನು ಎದುರಿಸಿದ. ಆಕೆ ಬಾಗಿಲು ಹಾಕಿಕೊಂಡು ಮನೆಯೊಳಗೇ ನಡೆದು ನಡೆದು ಕಲಿತಳು. ಜೂನಿನಲ್ಲಿ ಸಾಲಿ ತೆರೆದ ದಿನ ಸೀರೆಯ ನಿರಿಗೆ ನೆಲಕ್ಕೆ ಬಿಟ್ಟು ಒಲೆಯ ಮುಂದೆ ನಿಂತಿದ್ದಳು. ಸಾಲಿಯ ಅಂಗಳದಲ್ಲಿ ಹೆಣ್ಣುಮಕ್ಕಳು ಮುತ್ತಿಕೊಂಡು ಕೇಳಿದರಂತೆ: "ಅಯ್ಯವ್ವಾ, ಕಾಲ ಎಲ್ಲಿಂದ ಬಂತ ನಿನಗ?"

"ಮಳಿ ಬಿತ್ತು, ಬೆಳೀತು."

ಆಮೇಲೆ ಯಾರೂ ಕೇಳಲಿಲ್ಲ. ಹೆಡ್‌ಮಾಸ್ತರರು ಎರಡು ಸಲ ಅನ್ನ ಹಾಕಿಸಿಕೊಂಡರು.

ಕಾಕಾ ಹೋದ ವರ್ಷ ತೀರಿಕೊಂಡರು. ಸಕ್ಕರೆಯೇ ಕೊಂದಿತು, ಡಬಲ್ ಕಾ ಮೀಠಾ ಎಂದು ಬೈಯುತ್ತಲೇ ಕಾಕಿ ಅತ್ತರು. ಭಾಲ್ಕಿಯ ಹೊರಗೆ ನಮ್ಮ ಹೊಲದಲ್ಲಿ ಸಮಾಧಿ. ಗಡಿಯಾರದ ಸಾಹೇಬರು ಕರಿ ಕೋಟು ತೊಟ್ಟು ಬಂದು ಬದುವಿನ ಮೇಲೆ ನಿಂತಿದ್ದರು. ಕಾಶೀಬಾಯಿ ಬಸ್ಸಿಳಿದು ನಡೆದುಕೊಂಡೇ ಬಂದಳು. ಎಲ್ಲರಂತೆ ಹೊಲದ ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ರಬ್ಬರಿನ ಕಾಲಿನ ಚಪ್ಪಲಿಯನ್ನೂ ಬಗ್ಗಿ, ಕೈಯಿಂದ ಬಿಡಿಸಿ, ಇನ್ನೊಂದರ ಪಕ್ಕ ಜೋಡಿಸಿಟ್ಟಳು. ಉಕ್ಕೆ ಹೊಡೆದ ಕೆಂಪು ನೆಲದಲ್ಲಿ ನಿಧಾನ ನಡೆದು ಬಂದು ಮಣ್ಣು ಹಾಕಿದಳು.

ಮಂದಿ ಚದುರಿದ ಮೇಲೆ ನಮ್ಮ ಹತ್ತಿರ ಬಂದಳು. "ಈಗರ ಹೇಳ್ರಿ ಮಾಸ್ತರ್ರ, ಕಾಲ ಯಾರ್ ಕೊಟ್ಟಿದ್ರು? ಯಾರ ಹೆಸರ ತಗೊಂಡು ಕೈ ಮುಗೀಲಿ?"

ನಾನು ಸಾಹೇಬರ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. "ನಮ್ಮ ಲಾಡ್ಜ್ ಕೊಟ್ಟಿಲ್ಲ ಬೇಟಿ. ಡಾಕ್ಟರ್ ಸಾಬ್ ನಮ್ಮನ್ನ ಕೇಳೇ ಇಲ್ಲ."

ಕಾಕಿ ಕಣ್ಣೊರೆಸಿಕೊಂಡು ಹೇಳಿದರು: "ನಮ್ಮ ಮನಿಯಿಂದ ಹೋಗಿದ್ರ ನನಗ ತಿಳೀದೇ ಇರ್ತಿತ್ತೇನವಾ? ಹೋಗಿಲ್ಲ."

ಕಾಶೀಬಾಯಿ ಇಬ್ಬರನ್ನೂ ಒಂದೊಂದು ಗಳಿಗೆ ನೋಡಿದಳು. ಆಮೇಲೆ ಸೀರೆಯ ನಿರಿಗೆ ಸ್ವಲ್ಪ ಎತ್ತಿ, ಮಣ್ಣು ಮೆತ್ತಿದ ಎರಡೂ ಪಾದ ನೋಡಿಕೊಂಡಳು.

"ಯಾರೂ ಕೊಟ್ಟಿಲ್ಲ ಅಂದ್ರ, ಇದು ನಂದೇ ಆತಲ್ರಿ" ಎಂದಳು.

ಸಾಹೇಬರು ಸುಳ್ಳು ಹೇಳಿದರೋ, ಕಾಕಿ ಹೇಳಿದರೋ, ಇಬ್ಬರೂ ಖರೇನೇ ಹೇಳಿದರೋ. ಹೈದರಾಬಾದಿನವನನ್ನು ಹುಡುಕಿದೆ, ಅವನು ಈಗ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಆ ಮಾತು ಹೇಳುವಾಗ ಕಾಶೀಬಾಯಿ ನಗುತ್ತಿದ್ದಳೋ ಅಳುತ್ತಿದ್ದಳೋ, ಅದೂ ನನಗೆ ನೆಟ್ಟಗೆ ನೆನಪಿಲ್ಲ. ಕಾಲು ಯಾರು ಕೊಟ್ಟರು ಎಂಬುದು ನನಗೆ ಗೊತ್ತಿಲ್ಲ.